ಹಲ್ಲಿಲ್ಲದ ಸಾಕ್ಷಿ

ಡ್ರಿಲ್ ಮಾಸ್ತರರ ಹಲ್ಲು ಹೋದದ್ದು ಬಸ್ ನಿಲ್ದಾಣದಲ್ಲಿ ಬಾಂಬ್ ಸಿಡಿದ ದಿನ. ಸ್ವಂತ ಹಲ್ಲಲ್ಲ, ಅವು ಎಂದೋ ಒಂದೊಂದಾಗಿ ಕೈಕೊಟ್ಟಿದ್ದವು. ಇವು ಹಲ್ಲಿನ ಡಾಕ್ಟರಾಗಿದ್ದ ಸೊಸೆ ತಾನೇ ಅಳತೆ ತೆಗೆದು, ತಾನೇ ಉಜ್ಜಿ, ಮಾವನ ಬಾಯಿಗೆ ಕೂರಿಸಿಕೊಟ್ಟಿದ್ದ ಎರಡು ಸಾಲು. ಸದ್ದಿಗೆ ಮಾಸ್ತರರು ಬೋರಲು ಬಿದ್ದರು, ಹಲ್ಲು ಎತ್ತಲೋ ಹಾರಿತು. ತಲೆಯೆತ್ತಿ ನೋಡುವಷ್ಟರಲ್ಲಿ ಹೊಗೆ, ಕೂಗಾಟ, ಎಲ್ಲೆಂದರಲ್ಲಿ ಒಂಟಿ ಚಪ್ಪಲಿಗಳು. ಆರು ಜನ ಸತ್ತರು. ಆ ಆರರಲ್ಲಿ ನಿಲ್ದಾಣದ ಪೇಪರ್ ಅಂಗಡಿಯವನೂ ಒಬ್ಬ.

ಪೇಪರಿನವನಿಗೂ ಮಾಸ್ತರರಿಗೂ ಇದ್ದದ್ದು ಸ್ನೇಹವೋ ಹಗೆಯೋ ಯಾರಿಗೂ ತಿಳಿಯದು. ಶಾಲೆಯಿಂದ ನಿವೃತ್ತರಾದ ಮೇಲೆ ಮಾಸ್ತರರು ದಿನಾ ಬೆಳಿಗ್ಗೆ ಅಲ್ಲಿಗೆ ಹೋಗಿ, ಒಂದನ್ನೂ ಕೊಳ್ಳದೆ, ಎಲ್ಲ ಪೇಪರನ್ನೂ ಓದುತ್ತಿದ್ದರು. ಪೇಪರಿನವ ಬೈಯುತ್ತಿದ್ದ. ಮಾಸ್ತರರು ತಿರುಗಿ ಬೈಯುತ್ತಿದ್ದರು. ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರಿಗೆ ಆ ದಿನ ಹೊತ್ತೇ ಹೋಗುತ್ತಿರಲಿಲ್ಲ.

ಚೀಲ ಇಟ್ಟವನು ಬೇಗನೆ ಸಿಕ್ಕಿಬಿದ್ದ. ಯಾವುದೋ ಗುಂಪಿಗೆ ಸೇರಿದ, ಮೀಸೆ ಇನ್ನೂ ಬಲಿಯದ ಯುವಕ. ಅಂದಿನಿಂದ ಮಾಸ್ತರರಿಗೆ ಒಂದೇ ಕೆಲಸ: ಅವನಿಗೆ ಏನು ಮಾಡಬೇಕು ಎಂದು ಯೋಚಿಸುವುದು. ಇದಕ್ಕೆ ಸಭೆ ಸೇರುತ್ತಿದ್ದದ್ದು ಬೀದಿ ಕೊನೆಯ ಕಟಿಂಗ್ ಶಾಪಿನಲ್ಲಿ.

"ನೇಣು ಏನು ಮಹಾ?" ಎನ್ನುತ್ತಿದ್ದರು ಮಾಸ್ತರರು. ಹಲ್ಲಿಲ್ಲದ ಬಾಯಲ್ಲಿ ಸಕಾರವೆಲ್ಲ ಫಕಾರವಾಗಿ ಹೊರಬರುತ್ತಿತ್ತು. "ನನ್ನ ಕೈಗೆ ಕೊಡ್ಲಿ. ಫಾಯೋ ತನಕ ಮೈದಾನದ ಫುತ್ತ ಓಡಿಫ್ತೀನಿ. ಮಂಡಿ ಎದೆಗೆ ತಾಗ್ಬೇಕು!"

ಮರುದಿನ ಓಟ ಸಾಲದೆನಿಸಿ ಬಸ್ಕಿ. ಅದರ ಮರುದಿನ ಬಿಸಿಲಿನಲ್ಲಿ ಒಂಟಿಕಾಲು. ಶಿಕ್ಷೆಯೆಂದರೆ ಅವರಿಗೆ ಬೇರೆ ಗೊತ್ತಿದ್ದರೆ ತಾನೆ? ಕಟಿಂಗ್ ಶಾಪಿನವನಿಗೆ ಇದು ಏನೇನೂ ಸಾಲುತ್ತಿರಲಿಲ್ಲ. "ಅಷ್ಟೇನಾ ಮೇಷ್ಟ್ರೇ? ಮೊದ್ಲು ಕಿವಿ, ಆಮೇಲೆ ಇಲ್ಲಿಂದ ಹಿಡಿದು ಹೀಗೆ..." ಎಂದು ಕತ್ತಿಯನ್ನು ಗಾಳಿಯಲ್ಲಿ ಎಳೆಯುತ್ತಿದ್ದ. ಕುರ್ಚಿಯಲ್ಲಿ ಮುಖಕ್ಕೆಲ್ಲ ನೊರೆ ಬಳಿಸಿಕೊಂಡು ಕೂತ ಗಿರಾಕಿ, "ಅಣ್ಣಾ, ಬಾಂಬ್ ಇಟ್ಟಿದ್ದು ನಾನಲ್ಲಣ್ಣಾ" ಎಂದು ಕುತ್ತಿಗೆ ಒಳಗೆಳೆದುಕೊಳ್ಳುತ್ತಿದ್ದ.

ಇದರ ಜೊತೆಗೆ ಮಾಸ್ತರರು ಕಂಡದ್ದು ಕೂಡ ದಿನೇ ದಿನೇ ಬೆಳೆಯಿತು. ಮೊದಲು, ಆ ಯುವಕ ಅಂಗಡಿಯ ಬಳಿ ಸುಳಿದದ್ದನ್ನು ನೋಡಿದ್ದರು. ಆಮೇಲೆ ಅವನ ಹೆಗಲಿಗೆ ಚೀಲ ಬಂತು. ಸ್ವಲ್ಪ ದಿನದಲ್ಲಿ ಅವನು ಚೀಲವನ್ನು ಬೆಂಚಿನ ಕೆಳಗೆ ತಳ್ಳಿ ಕಳ್ಳನಗೆ ನಕ್ಕದ್ದೂ ಕಣ್ಣಿಗೆ ಬಿತ್ತು. ಕೇಳುವವರಿದ್ದರೆ ಹೇಳುವವರಿಗೇನು ಬರ?

ಸರ್ಕಾರಿ ವಕೀಲರು ಮನೆಗೆ ಬಂದು ಹೇಳಿಕೆ ಕೇಳಿದರು. "ಬಫ್ ಫ್ಟ್ಯಾಂಡಲ್ಲಿ ಬೆಂಚಿನ ಕೆಳಗೆ..." ಎಂದು ಮಾಸ್ತರರು ಶುರುಮಾಡುತ್ತಲೇ ವಕೀಲರು ಕನ್ನಡಕ ತೆಗೆದು ಮುಖ ಒರೆಸಿಕೊಂಡರು.

"ಯಜಮಾನ್ರೇ, ಮೊದ್ಲು ಹಲ್ಲು ಕಟ್ಟಿಸ್ಕೊಳ್ಳಿ. ನ್ಯಾಯಾಧೀಶರಿಗೆ ಅರ್ಥ ಆಗ್ದೇ ಇದ್ರೆ ನೀವು ಹೇಳಿದ್ದೂ ಒಂದೇ, ಹೇಳದೇ ಇದ್ದಿದ್ದೂ ಒಂದೇ."

ಮಾಸ್ತರರು ಇಷ್ಟು ದಿನ ಬೇಕೆಂದೇ ಹಲ್ಲು ಕಟ್ಟಿಸಿಕೊಂಡಿರಲಿಲ್ಲ. ತಮ್ಮ ಬೋಳು ಬಾಯಿಯನ್ನು ನ್ಯಾಯಾಲಯ ನೋಡಲಿ, ಉರಿದುಬೀಳಲಿ ಎಂಬುದು ಅವರ ಆಸೆ. ವಕೀಲರ ಮಾತು ಕೇಳಿ ಅರೆಮನಸ್ಸಿನಿಂದ ಸೊಸೆಯ ಎದುರು ಬಾಯಿ ತೆರೆದರು.

ಆದರೆ ಅಷ್ಟರಲ್ಲಿ ವಿಚಾರಣೆಯೇ ನಿಂತಿತ್ತು. ಕಾರಣ, ಆರೋಪಿಯ ಹಲ್ಲು. ದವಡೆಯ ಹಲ್ಲಿನ ಬೇರಿನಲ್ಲಿ ಕೀವಾಗಿ ಅವನ ಕೆನ್ನೆ ಊದಿಕೊಂಡಿತ್ತು. ಬಾಯಿ ಬಿಡಲಾಗದು, ಮಾತಾಡಲಾಗದು. ನ್ಯಾಯಾಧೀಶರು ವಾಯಿದೆಯ ಮೇಲೆ ವಾಯಿದೆ ಹಾಕಿ, ಕೊನೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಕೊಡಿಸಿರೆಂದು ಆದೇಶ ಮಾಡಿದರು. ಆ ಆಸ್ಪತ್ರೆಯಲ್ಲಿ ಹಲ್ಲಿನ ಡಾಕ್ಟರು ಎಂದರೆ ಮಾಸ್ತರರ ಸೊಸೆ ಒಬ್ಬಳೇ.

ಸುದ್ದಿ ತಿಳಿದದ್ದೇ ತಡ, ಕಟಿಂಗ್ ಶಾಪಿನವನು ಅಂಗಡಿ ಬಾಗಿಲೆಳೆದು ಓಡಿ ಬಂದ. "ಡಾಕ್ಟ್ರಮ್ಮ, ದೇವ್ರೇ ಅವನ ಹಲ್ಲನ್ನ ತಂದು ನಿಮ್ಮ ಕೈಗೆ ಕೊಟ್ಟಿದಾನೆ. ಕೀಳಿ, ಬೇಡ ಅನ್ನಲ್ಲ. ಮರಗಟ್ಟೋ ಇಂಜೆಕ್ಷನ್ ಒಂದು ಮಾತ್ರ ಕೊಡ್ಬೇಡಿ."

"ನಿಂದೂ ಒಂದು ದವಡೆ ಹಲ್ಲು ಕೀಳೋದಿತ್ತಲ್ಲ?" ಎಂದಳು ಸೊಸೆ. "ಅದನ್ನೂ ಹಾಗೇ ಕೀಳ್ಲಾ?"

ಅವನು ಕೆನ್ನೆ ಹಿಡಿದುಕೊಂಡು ಮೆಲ್ಲಗೆ ಜಾರಿಕೊಂಡ. ಮಾಸ್ತರರು ಮಾತ್ರ ಬಿಡಲಿಲ್ಲ. "ಅವನು ಹೇಳಿದ್ರಲ್ಲಿ ತಪ್ಪೇನಿದೆ? ನನ್ನ ಫೊಫೆ ಅಂತ ಎದೆ ತಟ್ಟಿ ಹೇಳ್ಕೋತಿದ್ದೆ!"

"ಮಾವ, ನಾಳೆ ಬೆಳಿಗ್ಗೆ ನಿಮ್ಮ ಅಚ್ಚು ತೆಗೀಬೇಕು. ಅವನು ಬರೋದು ಮಧ್ಯಾಹ್ನ. ಅಷ್ಟರೊಳಗೆ ನೀವು ಮನೇಲಿರ್ಬೇಕು" ಎಂದು ಸೊಸೆ ಮಾತು ಮುಗಿಸಿದಳು.

ಬೆಳಿಗ್ಗೆ ಮಾಸ್ತರರು ಆಸ್ಪತ್ರೆಯ ಕುರ್ಚಿಯಲ್ಲಿ ಒರಗಿದರು. ಆ ಕೋಣೆಯಲ್ಲಿ ಎರಡು ಕುರ್ಚಿ, ನಡುವೆ ಒಂದು ಮಾಸಲು ಹಸಿರು ಪರದೆ. ಸೊಸೆ ಗುಲಾಬಿ ಬಣ್ಣದ ಗಾರೆಯಂಥದ್ದನ್ನು ಕಲಸಿ, ಹಿಡಿ ಇರುವ ಅಚ್ಚಿನ ಬಟ್ಟಲಿಗೆ ತುಂಬಿ, ಮಾವನ ಮೇಲ್ದವಡೆಗೆ ಒತ್ತಿದಳು. "ಗಟ್ಟಿಯಾಗೋವರೆಗೂ ಅಲ್ಲಾಡ್ಬೇಡಿ. ಮಾತಂತೂ ಬೇಡವೇ ಬೇಡ."

ಅದೇ ಹೊತ್ತಿಗೆ ಬಾಗಿಲು ಧಡಾರನೆ ತೆರೆಯಿತು. ಮುಂದೆ ಇನ್ಸ್‌ಪೆಕ್ಟರು, ಹಿಂದೆ ಬಂದೂಕಿನವರು, ನಡುವೆ ಒಬ್ಬ ಕಾನ್‌ಸ್ಟೇಬಲ್‌ನ ಕೈಗೆ ಕೋಳದಿಂದ ಬೆಸೆದುಕೊಂಡ ಆರೋಪಿ. ಟಿವಿಯವರ ಕಣ್ಣು ತಪ್ಪಿಸಲು ಮಧ್ಯಾಹ್ನದ ಬದಲು ಬೆಳಿಗ್ಗೆಯೇ ಕರೆತಂದಿದ್ದರು. ನರ್ಸನ್ನು ಹೊರಗೆ ಕಳಿಸಿ ಬಾಗಿಲಿಗೆ ಅಗಳಿ ಹಾಕಿದರು.

ಸೊಸೆ ಇನ್ಸ್‌ಪೆಕ್ಟರನ್ನು ಮೂಲೆಗೆ ಕರೆದು ಪಿಸುಗುಟ್ಟಿದಳು. "ಸರ್, ಅಲ್ಲಿ ಕೂತಿರೋದು ನಮ್ಮ ಮಾವ. ಇದೇ ಕೇಸಿನ ಸಾಕ್ಷಿ."

ಇನ್ಸ್‌ಪೆಕ್ಟರ ಮುಖದ ರಕ್ತ ಇಳಿದುಹೋಯಿತು. ಸಾಕ್ಷಿಯೂ ಆರೋಪಿಯೂ ಒಂದೇ ಕೋಣೆಯಲ್ಲಿ! ಹೊರಗೆ ಕಳಿಸೋಣವೆಂದರೆ ಅಷ್ಟರಲ್ಲಾಗಲೇ ಮೊಗಸಾಲೆಯಲ್ಲಿ ಕ್ಯಾಮೆರಾದವರ ಗದ್ದಲ. "ಪರದೆ ಎಳೀರಿ," ಎಂದರು. "ಅವರು ಇಲ್ಲಿಲ್ಲ. ನಾನು ನೋಡಿಲ್ಲ. ನೀವೂ ಹೇಳಿಲ್ಲ."

ಸೊಸೆ ಮಾವನ ಕಿವಿಯ ಬಳಿ ಬಗ್ಗಿದಳು. "ಒಂದು ಮಾತಾಡಿದ್ರೂ 'ಸಾಕ್ಷಿ ಹೆದರಿಸಿದ' ಅಂತಾನೆ ಅವನ ವಕೀಲ. ಕೇಸು ನೀರುಪಾಲು. ಗೊತ್ತಾಯ್ತಾ?" ಎಂದು ಅಚ್ಚನ್ನು ಇನ್ನೊಮ್ಮೆ ಗಟ್ಟಿಯಾಗಿ ಒತ್ತಿ ಹೋದಳು.

ಮಾಸ್ತರರು ಯಾರನ್ನು ಹಗಲೂ ರಾತ್ರಿ ಮೈದಾನದ ಸುತ್ತ ಓಡಿಸುತ್ತಿದ್ದರೋ ಅವನು ಈಗ ಬಟ್ಟೆಯೊಂದರ ಆಚೆ, ಕೈಗೆಟಕುವ ದೂರದಲ್ಲಿ! ಬೈಯಬೇಕೆಂದು ಎಷ್ಟೋ ಕಾಲದಿಂದ ಕೂಡಿಟ್ಟ ಮಾತುಗಳೆಲ್ಲ ಗಂಟಲಿಗೆ ನುಗ್ಗಿ ಬಂದು ಗುಲಾಬಿ ಗಾರೆಗೆ ಬಡಿದು ಹಿಂದಿರುಗಿದವು. ಅವರು ಎದ್ದರು. ಪರದೆ ಸರಿಸಿದರು.

ಆರೋಪಿ ಕಂಡದ್ದಿಷ್ಟು: ಕೆದರಿದ ತಲೆಯ ಮುದುಕ, ತುಟಿಯ ಸಂದಿಯಿಂದ ಹೊರಚಾಚಿದ ಕಬ್ಬಿಣದ ಹಿಡಿ, ಗಲ್ಲದ ಮೇಲೆ ಇಳಿಯುತ್ತಿರುವ ಗುಲಾಬಿ ಲೋಳೆ, ಕಿತ್ತು ಬರುವಂತಿದ್ದ ಕಣ್ಣು, "ಊಂ... ಊಂ..." ಎಂಬ ಗುಟುರು. ಅವನು ಕುರ್ಚಿಯಿಂದ ಜಿಗಿದು ಕಾನ್‌ಸ್ಟೇಬಲ್‌ನ ಬೆನ್ನಹಿಂದೆ ಅಡಗಿದ. ಕೋಳದ ಸೆಳೆತಕ್ಕೆ ಕಾನ್‌ಸ್ಟೇಬಲ್ ಗಿರಗಿಟ್ಟೆಯಂತೆ ತಿರುಗಿದ.

"ನಂಗ್ ಬ್ಯಾಡ! ಜೈಲಿಗೇ ಕರ್ಕೊಂಡೋಗಿ!" ಎಂದ, ಊದಿದ ಕೆನ್ನೆಯ ಒಳಗಿಂದಲೇ. "ಅವರಿಗೆ ಏನು ಮಾಡಿದೀರಿ?"

"ಏನೂ ಮಾಡಿಲ್ಲ. ಕೂತ್ಕೊಳ್ಳಿ" ಎಂದಳು ಸೊಸೆ. ಆ ದನಿಗೆ ಇಡೀ ಊರೇ ಬಾಯಿ ತೆರೆಯುತ್ತಿತ್ತು. ಅವನು ಕೂತ.

ಮಾಸ್ತರರು ಪಕ್ಕದಲ್ಲೇ ನಿಂತಿದ್ದರು. ಅಲ್ಲೇ ತಟ್ಟೆಯಲ್ಲಿ ಚಿಮಟ, ಇಕ್ಕಳ, ಚೂಪಾದ ಕಡ್ಡಿಗಳು ಫಳಫಳಿಸುತ್ತಿದ್ದವು. ಅವರ ಕೈ ತಾನಾಗಿಯೇ ಅತ್ತ ಹರಿಯಿತು. ಸೊಸೆ ತಲೆಯೆತ್ತದೆ, "ಮಾವ, ನರ್ಸ್ ಇಲ್ಲ. ಆ ಲೈಟು ಸ್ವಲ್ಪ ಕೆಳಗೆ ಹಿಡೀರಿ" ಎಂದಳು. ಮನೆಯಲ್ಲಿ ಸ್ಟೂಲು ಹಿಡೀರಿ, ಹಾಲು ನೋಡ್ಕೊಳ್ಳಿ ಎನ್ನುವ ಅದೇ ರಾಗದಲ್ಲಿ. ಅಭ್ಯಾಸಬಲ ಎನ್ನಬೇಕು, ತಟ್ಟೆಯತ್ತ ಹೊರಟಿದ್ದ ಕೈ ಲೈಟನ್ನು ಹಿಡಿಯಿತು.

ಸೊಸೆ ಸೂಜಿ ಕೈಗೆತ್ತಿಕೊಂಡಳು. ಮಾಸ್ತರರು ಬೇಡ ಬೇಡವೆಂದು ಇನ್ನೊಂದು ಕೈಯನ್ನು ಆಡಿಸಿದರು, ಹುಬ್ಬು ಕುಣಿಸಿದರು. ಆರೋಪಿ ಸೂಜಿಯನ್ನೇ ನೋಡುತ್ತಿದ್ದ.

"ನೋವಾಗುತ್ತಾ ಡಾಕ್ಟ್ರೇ?"

ಸೊಸೆಯ ಕೈ ಒಂದು ಕ್ಷಣ ತಡೆಯಿತು. ಮಾಸ್ತರರಿಗೆ ಅದು ಕಂಡಿತು. ಅವಳೂ ಪೇಪರಿನವನನ್ನು ಬಲ್ಲವಳೇ. ಅವನ ಮುಂದಿನ ಎರಡು ಹಲ್ಲಿನ ಹುಳುಕು ಅವಳೇ ತುಂಬಿದ್ದು.

"ಚುಚ್ಚುವಾಗ ಇರುವೆ ಕಚ್ಚಿದ ಹಾಗೆ," ಎಂದಳು. "ಆಮೇಲೆ ಇಲ್ಲ. ನೋವಾದ್ರೆ ಎಡಗೈ ಎತ್ತಿ, ನಿಲ್ಲಿಸ್ತೀನಿ."

ಕೋಳವಿದ್ದದ್ದು ಎಡಗೈಗೇ. ಅವನು ಕೈಯೆತ್ತಿದಾಗಲೆಲ್ಲ ಕಾನ್‌ಸ್ಟೇಬಲ್‌ನ ಕೈಯೂ ಮೇಲೇಳುತ್ತಿತ್ತು, ಇಬ್ಬರೂ ತರಗತಿಯಲ್ಲಿ ಉತ್ತರ ಹೇಳಲು ಹೊರಟವರ ಹಾಗೆ. ಎತ್ತಿದಾಗಲೆಲ್ಲ ಸೊಸೆ ನಿಲ್ಲಿಸುತ್ತಿದ್ದಳು. ಲೈಟು ಹಿಡಿದ ಮಾಸ್ತರರ ಕಣ್ಣು ಹನಿಗೂಡಿತು. ಪೇಪರಿನವನಿಗೆ ಕೈಯೆತ್ತು, ನಿಲ್ಲಿಸುತ್ತೇನೆ ಎಂದು ಯಾರಾದರೂ ಹೇಳಿದ್ದರೆ? ಲೈಟು ನಡುಗಿತು. "ಅಲ್ಲಾಡಿಸ್ಬೇಡಿ ಮಾವ" ಎಂದಳು ಸೊಸೆ, ಮೆತ್ತಗೆ.

ಹಲ್ಲು ಬಂತು. ಪೊಲೀಸರು ಹೋದರು. ಮಾಸ್ತರರ ಅಚ್ಚು ಮಾತ್ರ ಬಾರದು. ಕಲ್ಲಿನಂತೆ ಗಟ್ಟಿಯಾಗಿ ಹಿಡಿದುಬಿಟ್ಟಿತ್ತು. ಕೊಲೆಗಡುಕನ ಹಲ್ಲು ಬೆಣ್ಣೆಯಂತೆ ಎದ್ದು ಬಂದರೆ, ಸಾಕ್ಷಿಯ ಬಾಯಿಂದ ಗಾರೆ ಬಿಡಿಸುವಷ್ಟರಲ್ಲಿ ಸೊಸೆಗೂ ಮಾವನಿಗೂ ಬೆವರು ಕಿತ್ತು ಬಂತು.

ಬಾಯಿ ಬಿಡುಗಡೆಯಾದ ಕೂಡಲೇ ಮಾಸ್ತರರು ಸಿಡಿದರು. "ಯಾಕೆ ಕೊಟ್ಟೆ ಇಂಜೆಕ್ಷನ್ನು?"

ಸೊಸೆ ಕೈಗವಸು ಕಳಚಿ ಎಸೆದಳು. "ಕೊಡ್ದೆ ಕಿತ್ರೆ ಒದ್ದಾಡ್ತಾನೆ. ಬೇರು ಒಳಗೇ ಮುರಿಯುತ್ತೆ. ಮತ್ತೆ ಕೀವು, ಮತ್ತೆ ವಾಯಿದೆ. ನಿಮಗೆ ಅವನು ಇಲ್ಲಿ ಕಿರುಚೋದು ಬೇಕಾ, ಕೋರ್ಟಲ್ಲಿ ಉತ್ತರ ಕೊಡೋದು ಬೇಕಾ?"

"ಎರಡೂ ಬೇಕು."

"ಎರಡೂ ಸಿಗಲ್ಲ ಮಾವ," ಎಂದು ಅವಳು ಕುರ್ಚಿಯಲ್ಲಿ ಕುಸಿದು ಕೂತಳು. "ನನಗೂ ಆಸೆ ಆಗ್ಲಿಲ್ಲ ಅಂತ ಅಂದ್ಕೋಬೇಡಿ."

ಮಾಸ್ತರರು ಒಂದು ಲೋಟ ನೀರು ತಂದು ಅವಳ ಕೈಗೆ ಕೊಟ್ಟರು.

ಸಾಕ್ಷಿ ಹೇಳುವ ದಿನ ಬಂತು. ಮಾಸ್ತರರ ಬಾಯಲ್ಲಿ ಹೊಸ ಹಲ್ಲು. ಕಟಿಂಗ್ ಶಾಪಿನ ಸಭೆಯೆಲ್ಲ ಒಳ್ಳೆ ಅಂಗಿ ತೊಟ್ಟು ಬಂದು ಮುಂದಿನ ಬೆಂಚು ಹಿಡಿದಿತ್ತು. ಅವತ್ತು ಆರೋಪಿಯನ್ನು ನೋಡಿದಿರಾ ಎಂದು ಸರ್ಕಾರಿ ವಕೀಲರು ಕೇಳಿದರು.

"ನೋಡಿದೆ ಸ್ವಾಮಿ." ಹೊಸ ಹಲ್ಲಿನ ಸಂದಿಯಿಂದ 'ಸ್ವಾ' ಎಂಬುದು ಶಿಳ್ಳೆಯಾಗಿ ಹೊರಟು ಇಡೀ ನ್ಯಾಯಾಲಯವನ್ನು ಸುತ್ತಿ ಬಂತು. ಬಾಗಿಲ ಬಳಿಯ ಜವಾನ ಬೆಚ್ಚಿ ನೆಟ್ಟಗೆ ನಿಂತ.

"ಅವನು ಬೆಂಚಿನ ಕೆಳಗೆ ಚೀಲ ಇಟ್ಟಿದ್ದನ್ನ ನೋಡಿದ್ರಾ?"

ಕಟಿಂಗ್ ಶಾಪಿನವನು ಮುಂದಕ್ಕೆ ಬಾಗಿದ. ಮಾಸ್ತರರು ಹೌದೆನ್ನಲು ಬಾಯಿ ತೆರೆದರು. ಹೇಳಿ ಹೇಳಿ ನುಣುಪಾದ ಕಥೆ ನಾಲಿಗೆಯ ತುದಿಗೆ ಬಂದು ನಿಂತಿತ್ತು: ಚೀಲ, ಬೆಂಚು, ಕಳ್ಳನಗೆ. ಆದರೆ ಸತ್ಯವನ್ನೇ ಹೇಳುತ್ತೇನೆಂದು ಈಗಷ್ಟೇ ಅದೇ ಬಾಯಲ್ಲಿ ಹೇಳಿದ್ದರಲ್ಲ. ಒಮ್ಮೆ ಕಣ್ಣು ಮುಚ್ಚಿ ಆ ಬೆಳಗನ್ನು ತಡಕಿದರು. ಎಷ್ಟು ತಡಕಿದರೂ ಸಿಕ್ಕಿದ್ದು ಒಂದು ಕಂಬ, ಮತ್ತು ಕ್ರೀಡಾ ಪುಟ.

"ಇಲ್ಲ," ಎಂದರು.

"ಸರಿಯಾಗಿ ನೆನಪು ಮಾಡ್ಕೊಳ್ಳಿ."

"ಮಾಡ್ಕೊಂಡೇ ಹೇಳ್ತಿದೀನಿ. ಅವನು ಪೇಪರ್ ತಗೊಂಡಿದ್ದು ನೋಡಿದೆ. ಚೀಲ ನೋಡಿಲ್ಲ. ಆಮೇಲೆ ನಾನು ಕಂಬದ ಹಿಂದೆ ನಿಂತು ಪೇಪರ್ ಓದ್ತಿದ್ದೆ."

ಮುಂದಿನ ಬೆಂಚಿನಿಂದ ಗಾಳಿ ಹೋದ ಟೈರಿನ ಸದ್ದು ಬಂತು. ಅಷ್ಟರಲ್ಲಿ ಆರೋಪಿ ಕಟಕಟೆಯಿಂದ ಬಗ್ಗಿ ತನ್ನ ವಕೀಲನ ತೋಳು ಜಗ್ಗಿ, ಮಾಸ್ತರರತ್ತ ಕಣ್ಣು ಮಾಡಿ ಏನೋ ಉಸುರಿದ. ವಕೀಲ ಹುರುಪಿನಿಂದ ಎದ್ದ.

"ಈ ಘಟನೆ ಆದ್ಮೇಲೆ ನನ್ನ ಕಕ್ಷಿದಾರನನ್ನ ಬೇರೆಲ್ಲಾದ್ರೂ ನೋಡಿದೀರಾ?"

"ಹಲ್ಲಿನ ಆಸ್ಪತ್ರೇಲಿ ನೋಡಿದೆ."

ಬಾಗಿಲಲ್ಲಿ ನಿಂತಿದ್ದ ಇನ್ಸ್‌ಪೆಕ್ಟರು ಮೇಲಿನ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

"ಅವನನ್ನ ಬೆದರಿಸಿದ್ರಾ?"

"ಬೆದರಿಸ್ಬೇಕು ಅಂತಲೇ ಎದ್ದಿದ್ದೆ. ಬಾಯಿ ತುಂಬ ಗಾರೆ ಇತ್ತು. ಮತ್ತೆ ಲೈಟ್ ಹಿಡ್ಕೊಂಡಿದ್ದೆ."

"ಏನು ಹಿಡ್ಕೊಂಡಿದ್ರಿ?" ಎಂದರು ನ್ಯಾಯಾಧೀಶರು, ಬರೆಯುವುದನ್ನು ನಿಲ್ಲಿಸಿ.

"ಲೈಟು ಸ್ವಾಮಿ. ಇವನ ಹಲ್ಲು ಕೀಳೋಕೆ."

ನ್ಯಾಯಾಧೀಶರು ಕರವಸ್ತ್ರ ತೆಗೆದು ಬಹಳ ಹೊತ್ತು ಮೂಗು ಒರೆಸಿಕೊಂಡರು. ವಕೀಲ ಬಿಡಲಿಲ್ಲ. "ಹಾಗಾದ್ರೆ ನನ್ನ ಕಕ್ಷಿದಾರನ ಮೇಲೆ ನಿಮಗೆ ದ್ವೇಷ ಇದೆ?"

"ಇದೆ."

"ಅವನಿಗೆ ಕೆಡುಕಾಗ್ಲಿ ಅಂತ ಆಸೆ ಇದೆ?"

"ತುಂಬಾ ಇದೆ. ಮೈದಾನದ ಸುತ್ತ ಓಡಿಸ್ಬೇಕು ಅಂತಿದೀನಿ. ಆದ್ರೆ ಚೀಲ ನೋಡಿಲ್ಲ. ಆಸೆ ಇದೆ ಅಂತ ನೋಡಿದೆ ಅನ್ನೋಕಾಗುತ್ತಾ?"

ವಕೀಲನ ಕೈಯಲ್ಲಿ ನಿಲ್ದಾಣದ ಕ್ಯಾಮೆರಾ ತೆಗೆದ ದೊಡ್ಡದೊಂದು ಚಿತ್ರವಿತ್ತು. ಅದರಲ್ಲಿ ಕಂಬದ ಹಿಂದೆ ಅಗಲಕ್ಕೆ ಬಿಡಿಸಿದ ಪೇಪರು, ಅದರ ಮೇಲೆ ಮಾಸ್ತರರ ಕೆದರಿದ ಕೂದಲಷ್ಟೇ ಕಾಣುತ್ತಿತ್ತು. ಸಾಕ್ಷಿ ಸುಳ್ಳು ಹೇಳಿದ ಕೂಡಲೇ ಎತ್ತಿ ಹಿಡಿದು, ಪೊಲೀಸರ ಇಡೀ ಕೇಸೇ ಕಟ್ಟುಕಥೆ ಎನ್ನಲು ಇಟ್ಟುಕೊಂಡಿದ್ದ. ಈಗ ಅದನ್ನು ಮೆಲ್ಲನೆ ಮಗುಚಿ ಮೇಜಿನ ಮೇಲಿಟ್ಟು ಕೂತ.

ಅದಾದ ಮೇಲೆ ಆರೋಪಿಯ ಸರದಿ. ಬಾಯಿ ವಾಸಿಯಾಗಿತ್ತು, ಉತ್ತರಿಸದಿರಲು ನೆಪವಿರಲಿಲ್ಲ. ಮೊದಮೊದಲು ಎಲ್ಲದಕ್ಕೂ ಗೊತ್ತಿಲ್ಲ, ಗೊತ್ತಿಲ್ಲ ಎಂದ. ಕೊನೆಗೆ ನ್ಯಾಯಾಧೀಶರು, "ಆ ಪೇಪರ್ ಅಂಗಡಿಯವನು ನಿನಗೇನು ಮಾಡಿದ್ದ?" ಎಂದರು. ಅವನು ಕಟಕಟೆಯ ಕಂಬಿ ಹಿಡಿದುಕೊಂಡ.

"ಏನೂ ಮಾಡಿಲ್ಲ," ಎಂದ. "ಪೇಪರ್ ಕೊಟ್ಟ."

ಅವನ ತಲೆ ತಗ್ಗಿತು, ಮತ್ತೆ ಏಳಲಿಲ್ಲ. ಎಷ್ಟು ಸುತ್ತು ಓಡಿಸಿದ್ದರೂ ಈ ಮಾತು ಅವನ ಬಾಯಿಂದ ಬರುತ್ತಿರಲಿಲ್ಲವೆಂದು ಮಾಸ್ತರರಿಗೆ ತೋರಿತು. ಕೇಳಿ ಸಂತೋಷವೇನೂ ಆಗಲಿಲ್ಲ. ಆದರೆ ಕೇಳಬೇಕಾದ ಮಾತು ಅದೇ ಆಗಿತ್ತು.

ಮರುದಿನ ಕಟಿಂಗ್ ಶಾಪಿನವನು ಮಾಸ್ತರರ ಜೊತೆ ಒಂದು ಮಾತೂ ಆಡದೆ ಕ್ಷೌರ ಮಾಡಿದ. ಬಲಮೀಸೆಯನ್ನು ಎಡಕ್ಕಿಂತ ಗಿಡ್ಡ ಮಾಡಿ ಸೇಡು ತೀರಿಸಿಕೊಂಡ.

ತೀರ್ಪು ಬಂತು. ಸಿಡಿಮದ್ದು ಮಾರಿದವನ ಹೇಳಿಕೆ, ಫೋನಿನ ದಾಖಲೆ, ಬೇರೆ ಕ್ಯಾಮೆರಾಗಳ ಚಿತ್ರ ಎಲ್ಲ ಸೇರಿ ಅಪರಾಧ ರುಜುವಾಗಿತ್ತು. ಸಾಯುವವರೆಗೂ ಸೆರೆ. "ಅಷ್ಟೇನಾ?" ಎಂದು ಮುಂದಿನ ಬೆಂಚು ಗೊಣಗಿತು. ಮಾಸ್ತರರು ತಮ್ಮ ಹೊಟ್ಟೆಯೊಳಗೆ ತಣ್ಣಗಾಯಿತೇ ಎಂದು ಹುಡುಕಿ ನೋಡಿದರು. ತಣ್ಣಗೇನೂ ಆಗಿರಲಿಲ್ಲ. ಕಾಲು ಮಾತ್ರ ಸೋತು ಬಂದಿತ್ತು.

ಮೊಗಸಾಲೆಯ ಬೆಂಚಿನಲ್ಲಿ ಕೂತಿದ್ದಾಗ ಪೇಪರಿನವನ ಹೆಂಡತಿ ಹತ್ತಿರ ಬಂದಳು. ಪ್ರತಿ ವಿಚಾರಣೆಗೂ ಬಂದು, ಹಿಂದಿನ ಬೆಂಚಿನಲ್ಲಿ ಕೂತು, ಯಾರೊಡನೆಯೂ ಮಾತಾಡದೆ ಹೋಗುತ್ತಿದ್ದವಳು.

"ಮೇಷ್ಟ್ರೇ, ಒಂದು ಕೇಳ್ಲಾ? ಬಾಂಬ್ ಸಿಡಿದ ದಿನ ಆಸ್ಪತ್ರೇಲಿ ನನಗೆ ಹೇಳಿದ್ರಲ್ಲ, ಕೊನೇಲಿ ಅವರು ನನ್ನ ನೆನೆಸ್ಕೊಂಡು 'ಬಂಗಾರದಂಥ ಹೆಂಗಸು' ಅಂದ್ರು ಅಂತ. ಅದೂ ಚೀಲ ನೋಡಿದ ಹಾಗೇನಾ?"

ಮಾಸ್ತರರ ಹೊಸ ಹಲ್ಲೂ ಕಟಕಟಿಸಿತು. "ಹಾಗೇ ಕಣಮ್ಮ," ಎಂದರು ಕೊನೆಗೆ.

"ನನಗೆ ಅವತ್ತೇ ಅನುಮಾನ ಬಂತು. ಕಟ್ಟಿಕೊಂಡಾಗಿನಿಂದ ಒಂದು ದಿನ ಹಿತ್ತಾಳೆ ಅಂತಲೂ ಅಂದವರಲ್ಲ. ನಿಜವಾಗಿ ಏನಂದ್ರು?"

"ಗಿರಾಕಿಗಳಿಗೆ ಅಡ್ಡ ನಿಂತ್ಕೊಂಡು ಓದ್ತಿದ್ದೆ. 'ಆ ಕಂಬದ ಹಿಂದೆ ಹೋಗಿ ಸಾಯಿ, ಪೀಡೆ!' ಅಂದ." "ಬೈಕೊಂಡು ಹೋದೆ. ಪೇಪರ್ ಬಿಡಿಸಿದೆ. ಅಷ್ಟೇ."

ಅವಳು ಆ ಕಂಬವನ್ನು ನೋಡಿದ್ದಳು. ಸ್ಫೋಟಕ್ಕೆ ಅದರ ಒಂದು ಮೈ ಪೂರ್ತಿ ಕಿತ್ತುಹೋಗಿತ್ತು, ಮಾಸ್ತರರು ನಿಂತಿದ್ದ ಮೈ ಮಾತ್ರ ಹಾಗೇ ಉಳಿದಿತ್ತು. ಸ್ವಲ್ಪ ಹೊತ್ತು ಮಾಸ್ತರರನ್ನೇ ದಿಟ್ಟಿಸಿದಳು. ಆಮೇಲೆ ಅವಳ ಭುಜ ಕುಲುಕಿತು. ಅಳುತ್ತಿದ್ದಾಳೆಂದು ಮಾಸ್ತರರು ಗಾಬರಿಯಾದರು. ಅವಳು ನಗುತ್ತಿದ್ದಳು. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ, ಸೆರಗು ಬಾಯಿಗೆ ಅಡ್ಡ ಹಿಡಿದರೂ, ನಗು ತಡೆಯಲಾಗದೆ ಬೆಂಚಿನ ತುದಿ ಹಿಡಿದುಕೊಂಡಳು.

"ಇದು ಅವರದ್ದೇ ಮಾತು," ಎಂದಳು. "ಇದೇ. ಇನ್ನೊಂದ್ಸಲ ಹೇಳಿ, ಅವರು ಹೇಳಿದ ಹಾಗೇ."

ಮಾಸ್ತರರು ಪೇಪರಿನವನ ಹಾಗೆ ಮುಖ ಗಂಟಿಕ್ಕಿ, ಕೈ ಬೀಸಿ, ಮತ್ತೊಮ್ಮೆ ಹೇಳಿದರು. 'ಸಾಯಿ' ಎಂಬಲ್ಲಿ ಶಿಳ್ಳೆ ಹೊರಟಿತು. ಒಳಗಿನಿಂದ ಜವಾನ ಬಂದು, ಇದು ನ್ಯಾಯಾಲಯ, ಇಲ್ಲಿ ಗಲಾಟೆ ಮಾಡುವ ಹಾಗಿಲ್ಲ ಎಂದು ಗದರಿಸಿದ. ಇಬ್ಬರೂ ತಪ್ಪಾಯ್ತೆಂದು ಎದ್ದರು. ಮೆಟ್ಟಿಲಿಳಿಯುವಾಗ ಅವಳ ಮೊಣಕೈಗೆ ಆಸರೆ ಕೊಡಲು ಮಾಸ್ತರರು ಕೈ ಚಾಚಿದರು. ಆದರೆ ಸೋತ ಕಾಲು ಅವರದ್ದೇ ಆದ್ದರಿಂದ ಅವಳೇ ಅವರನ್ನು ಹಿಡಿದುಕೊಂಡು ಕೆಳಗಿಳಿಸಿದಳು.